ಎರಡು ಕಿಲೋ ಹೆಚ್ಚು

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೇತುವೆ ಕೆಲಸದ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಪುಟ್ಟಿಯ ತಲೆಯ ಸ್ಕ್ಯಾನ್ ಇವತ್ತು ಮುಗಿಯಿತು. ಮೊದಲೇ ಹೇಳಿಬಿಡುತ್ತೇನೆ, ಗಾಬರಿ ಪಡುವಂಥದ್ದು ಏನೂ ಇಲ್ಲವಂತೆ. ತಲೆನೋವು ಕಣ್ಣಿನಿಂದ ಇರಬಹುದು, ಕಣ್ಣು ಪರೀಕ್ಷೆ ಮಾಡಿಸಿ ಎಂದರು. ಇನ್ನು ಆಸ್ಪತ್ರೆಯಲ್ಲಿ ನಾನು ಮಾಡಿದ ಜಗಳದ ವಿಷಯ.

ಐದು ವರ್ಷದ ಮಗು ಆ ಸ್ಕ್ಯಾನ್ ಯಂತ್ರದ ಸುರಂಗದೊಳಗೆ, ಆ ಗದ್ದಲದಲ್ಲಿ ಅಲ್ಲಾಡದೆ ಮಲಗುವುದುಂಟೇ? ಅದಕ್ಕೇ ನಿದ್ದೆಯ ಔಷಧ ಕೊಡುತ್ತಾರೆ. ಚಿಕ್ಕವನಿದ್ದಾಗ ನನ್ನ ಹಲ್ಲು ಕೀಳಲು ನಾಲ್ಕು ಜನ ಮೈಮೇಲೆ ಕೂತಿದ್ದರು. ಅವರಲ್ಲೊಬ್ಬ ಕಾಗದ ಕೊಡಲು ಬಂದ ಪೋಸ್ಟ್‌ಮ್ಯಾನ್. ಅವನನ್ನು ನಾನಿನ್ನೂ ಕ್ಷಮಿಸಿಲ್ಲ. ಹಾಗಾಗಿ ಲೈಬ್ರರಿಯಿಂದ ದಪ್ಪ ಪುಸ್ತಕ ತಂದು ಓದಿಕೊಂಡೇ ಹೋಗಿದ್ದೆ. ಮಲಗಿದ ಮೇಲೆ ಉಸಿರು ನೋಡುವವರು ಯಾರು, ಬೆರಳಿಗೆ ಕ್ಲಿಪ್ ಹಾಕುತ್ತೀರಾ, ಎಚ್ಚರವಾಗುವವರೆಗೆ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಅರಿವಳಿಕೆ ಡಾಕ್ಟರನ್ನು ಕೇಳಿದೆ. "ನಾನೇ ಇರ್ತೀನಿ ತಾತ, ಕಾಫಿಗೂ ಹೋಗಲ್ಲ. ಆದ್ರೆ ನೀವು ಓದಿರೋ ಪುಸ್ತಕ ನಮ್ಮಮ್ಮ ಹುಟ್ಟೋಕ್ಕಿಂತ ಮುಂಚಿನದು" ಎಂದಳು ಆ ಹುಡುಗಿ. ಬಾಯಿ ಜೋರು, ಆದರೆ ಕೆಲಸ ಬಲ್ಲವಳು. ಅಳಿಯಂದಿರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಇವರಿಗೂ ಒಂದು ತೊಟ್ಟು ಕೊಡಿ ಎಂದೆ, ಯಾರೂ ನಗಲಿಲ್ಲ.

ಆಮೇಲೆ ನರ್ಸ್ ತೂಕ ನೋಡಿದಳು. ಹದಿನೇಳು ಕಿಲೋ! ಹೋದ ವಾರ ಅಲ್ಲೇ ಹದಿನೈದಿತ್ತು. ಬೆಳಗಿನಿಂದ ಮಗು ಉಪವಾಸ ಬೇರೆ. "ಮಕ್ಕಳು ಬೆಳೀತಾರಲ್ಲ ತಾತ" ಎಂದಳು. "ಉಪವಾಸ ಮಾಡಿ ದಪ್ಪ ಆಗೋ ಹಾಗಿದ್ರೆ ಊರೆಲ್ಲ ಒಲೆ ಆರಿಸ್ತಿತ್ತಮ್ಮ!" ಎಂದು ರೇಗಿದೆ. ಔಷಧ ಅಳೆಯುವುದೇ ತೂಕ ನೋಡಿ. ಹೆಚ್ಚಾದರೆ ಮಗುವಿನ ಉಸಿರಿಗೇ ಸಂಚಕಾರ. ಇದೇನು ಹುಡುಗಾಟವೇ? ತೂಕದ ಯಂತ್ರ ಕೆಟ್ಟಿದೆ ಎಂದು ತೋರಿಸಲು ನಾನೇ ಹತ್ತಿ ನಿಂತೆ. ಹಾಳಾದ್ದು ನನ್ನ ತೂಕವನ್ನು ಎಲ್ಲರೆದುರು ಸರಿಯಾಗಿಯೇ ತೋರಿಸಿತು. ಆದರೂ ಪಟ್ಟು ಬಿಡಲಿಲ್ಲ.

"ತಾತ ಕೇಳೋದು ಸರಿ. ಆಸ್ಪತ್ರೆ ಬಟ್ಟೆ ಹಾಕಿ ಇನ್ನೊಂದ್ಸಲ ತೂಗೋಣ" ಎಂದಳು ಡಾಕ್ಟರ್. ಪುಟ್ಟಿ ಸ್ವೆಟರನ್ನು ಬಿಗಿಯಾಗಿ ಹಿಡಿದು ಚೀರಿದಳು. ಬಿಚ್ಚಿದಾಗ ಠಣ್ಣೆಂದು ನೆಲಕ್ಕೆ ಬಿದ್ದವು ಕಬ್ಬಿಣದ ತೂಕದ ಕಲ್ಲುಗಳು, ಜೇಬಿಗೊಂದು ಕಿಲೋದಂತೆ. ಸ್ಕ್ಯಾನ್ ಕೋಣೆಯೊಳಗಿರುವುದೋ ಕಬ್ಬಿಣದ ಕುರ್ಚಿಯನ್ನೇ ಸೆಳೆದುಕೊಳ್ಳುವ ಅಯಸ್ಕಾಂತ! "ಯಾವ ಅಂಗಡೀದು ಪುಟ್ಟಿ ಇದು?" ಎಂದು ಡಾಕ್ಟರ್ ಕೇಳಿದರೆ, "ತಾತಂದು. ತರಕಾರಿಯವನು ಮೋಸ ಮಾಡ್ತಾನೆ ಅಂತ ಮನೇಲೇ ತಕ್ಕಡಿ ಇಟ್ಕೊಂಡಿದಾರೆ" ಎಂದಳು. ಆಗ ಎಲ್ಲರೂ ನಕ್ಕರು, ಅಳಿಯಂದಿರು ಎಲ್ಲರಿಗಿಂತ ಜೋರಾಗಿ.

ಮತ್ತೆ ತೂಗಿ, ಹದಿನೈದು ಕಿಲೋ ಲೆಕ್ಕದಲ್ಲೇ ಔಷಧ ಕೊಟ್ಟರು. ನನ್ನ ಬೆರಳು ಹಿಡಿದುಕೊಂಡೇ ನಿದ್ದೆಹೋದಳು. ಡಾಕ್ಟರ್ ಮಾತಿಗೆ ತಪ್ಪದೆ ಪಕ್ಕದಲ್ಲೇ ಇದ್ದಳು. ಎಚ್ಚರವಾದಾಗ ಪುಟ್ಟಿ ಔಷಧದ ಮಂಪರಿನಲ್ಲೇ ತಾತನಿಗೆ ಎರಡು ಮೀಸೆ ಎಂದು ನಕ್ಕು, ಆಮೇಲೆ ಊಟ ಕೇಳಿದಳು.

ನೀನೂ ನಿನ್ನ ಸೇತುವೆಯೂ ಗಟ್ಟಿಯಾಗಿರಿ.

ನಿನ್ನ ಅಪ್ಪ

ಅವಸರದಲ್ಲಿ ಇನ್ನೊಂದು ಮಾತು: ಕಲ್ಲು ಯಾಕೆ ತುಂಬಿಕೊಂಡೆ ಎಂದು ಮನೆಗೆ ಬಂದ ಮೇಲೆ ಪುಟ್ಟಿಯನ್ನು ಕೇಳಿದೆ. "ಎರಡು ಕಿಲೋ ದಪ್ಪ ಆಗು, ಬಂದ್ಬಿಡ್ತೀನಿ" ಎಂದು ಫೋನಿನಲ್ಲಿ ಅವಳಿಗೆ ನೀನೇ ಹೇಳಿದ್ದೆಯಂತೆ. ತೂಕದಲ್ಲಿ ಮೋಸವನ್ನು ಜನ್ಮದಲ್ಲಿ ಒಪ್ಪಿದವನಲ್ಲ ನಾನು. ಆದರೂ ಆಸ್ಪತ್ರೆಯ ಯಂತ್ರ ಹದಿನೇಳು ತೋರಿಸಿದ್ದು ನಿಜ, ಅದಕ್ಕೆ ನಾನೇ ಸಾಕ್ಷಿ. ಹೊರಟು ಬಾ.