ಭಾನುವಾರದ ಪಂಕ್ತಿಯಲ್ಲಿ ಒಬ್ಬ

ಗೊರಗುಂಟೆಪಾಳ್ಯ
ಸೋಮವಾರ, 19 ಜನವರಿ 2026

ಭಾಗ್ಯಶ್ರೀ,

ನಿನ್ನ ಹೆಸರಿನ ಹಿಂದೆ ಏನು ಸೇರಿಸಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ಕೊನೆಗೆ ಬರೀ ಹೆಸರು ಬರೆದಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನಗೆ ಮಾತು ಹೊರಡುವುದಿಲ್ಲ. ವಿದ್ಯಾರಣ್ಯಪುರವೇನು ದೂರವಲ್ಲ. ಆದರೂ ಅಂಚೆಗೇ ಹಾಕುತ್ತೇನೆ. ವಾರ್ಡನ್ ಮೇಡಂಗೆ ಕಾಗದ ಬಂದಿದೆ ಎಂದು ನಿನ್ನ ಹಾಸ್ಟೆಲಿನ ಹುಡುಗಿಯರು ನಕ್ಕರೆ ನಗಲಿ.

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಫ್ಯಾಕ್ಟರಿಯ ದಿನಗಳು ಹೇಗೋ ಕಳೆಯುತ್ತವೆ. ಭಾನುವಾರ ಕಳೆಯುವುದಿಲ್ಲ. ಬೆಳಿಗ್ಗೆ ಬೀಗ ಹಾಕಿಕೊಂಡು ಸುಮ್ಮನೆ ನಡೆಯುವುದು ರೂಢಿಯಾಯಿತು. ನವೆಂಬರಿನ ಒಂದು ಭಾನುವಾರ ಯಶವಂತಪುರದ ರೈಲ್ವೆ ಸ್ಟೇಷನ್ ಹತ್ತಿರ ಕಾಲು ಸೋತು, ಫುಟ್‌ಪಾತಿನಲ್ಲಿ ಗೋಡೆಗೆ ಒರಗಿ ಕುಳಿತೆ. ಹತ್ತು ದಿನದ ಗಡ್ಡ, ಮೊಣಕೈ ಹರಿದ ಸ್ವೆಟರ್. ಪಕ್ಕದಲ್ಲಿ ಆ ಗೋಡೆಯ ಬುಡದಲ್ಲೇ ಬದುಕುವ ಏಳೆಂಟು ಜನ ಇದ್ದರು. ಮಧ್ಯಾಹ್ನ ಆ ಗೋಡೆಯ ಹಿಂದಿನ ಬೀದಿಯವರು ಪಾತ್ರೆಗಳನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಒಂದು ಮನೆಯಿಂದ ಅನ್ನ, ಇನ್ನೊಂದು ಮನೆಯಿಂದ ಸಾರು. ಆಟೋ ಅದೇ ಬೀದಿಯ ನಾಗೇಶನದು. ಬಡಿಸುತ್ತಿದ್ದವರು ಫರ್ಹೀನ್ ಎಂಬ ಟೀಚರಮ್ಮ. ನನ್ನ ಕೈಗೂ ಒಂದು ತಟ್ಟೆ ಇಟ್ಟರು.

"ತಗೊಳಿ ಅಪ್ಪಾಜಿ, ಬಿಸಿ ಇದೆ."

ನನಗೆ ಮನೆ ಇದೆ ತಾಯಿ ಎನ್ನಬೇಕಿತ್ತು. ಬಾಯಿ ತೆರೆದೆ, ಅಷ್ಟರಲ್ಲಿ ಅವರು ಸಾರು ಹಾಕಿ, "ಸಾಕಾ? ಇನ್ನೊಂದ್ ಸ್ವಲ್ಪ ಹಾಕ್ಲಾ?" ಎಂದರು. ನೀನೂ ದಿನವೂ ಕೇಳುತ್ತಿದ್ದೆ. ನಾನು ಟಿವಿಯಿಂದ ಕಣ್ಣು ತೆಗೆಯದೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಅಂದು "ಹಾಕ್ರಿ" ಎಂದೆ. ತಲೆ ಬಗ್ಗಿಸಿಕೊಂಡು ಉಂಡೆ, ಕಣ್ಣೀರು ಕಾಣಬಾರದೆಂದು.

ಮುಂದಿನ ಭಾನುವಾರವೂ ಹೋದೆ. ಅದರ ಮುಂದಿನದಕ್ಕೂ. ವಾರವಿಡೀ ಬೇಕೆಂದೇ ಗಡ್ಡ ಬಿಡುತ್ತಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಅಲ್ಲಿ ಗಿರಿ ಸಿಕ್ಕಿದ. ನಲವತ್ತರ ಆಸುಪಾಸು. ಮಾರುಕಟ್ಟೆ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವನು, ಲಾರಿಯಿಂದ ಬಿದ್ದು ಸೊಂಟ ಹೋದಮೇಲೆ ಗೋಡೆಯ ಪಾಲಾದವನು. ನನಗೆಂದು ತನ್ನ ರಟ್ಟಿನ ಮೇಲೆ ಜಾಗ ಹಿಡಿದಿಡುತ್ತಿದ್ದ. ನಾನು ತಡವಾದರೆ, "ಏನಣ್ಣಾ, ಎಲ್ಲೋಗಿದ್ರಿ? ಮೈ ಹುಷಾರಿಲ್ವಾ?" ಎಂದು ಕೇಳುತ್ತಿದ್ದ.

ಡಿಸೆಂಬರಿನಲ್ಲಿ ಆ ಬೀದಿಯವರು ಸೇರಿ ಒಂದು ದೊಡ್ಡ ಕೆಲಸ ಮಾಡಿದರು. ಸಂಜಯನಗರದ ಒಂದು ಕಟ್ಟಡಕ್ಕೆ ವಾಚ್‌ಮನ್ ಬೇಕಿತ್ತು. ನೀರಿನ ಪಂಪ್ ಪಕ್ಕದಲ್ಲಿ ಒಂದು ರೂಮು, ಬಾಗಿಲಿಗೆ ಬೀಗ, ಒಳಗೆ ನಲ್ಲಿ. ಮಾಲೀಕರ ಮನೆಗೆ ನಾಲ್ಕು ಸಲ ಅಲೆದು ಒಪ್ಪಿಸಿದ್ದರು. ಗೋಡೆಯವರಲ್ಲಿ ಒಬ್ಬರಿಗೆ ಕೊಡಬೇಕು. ಎಲ್ಲರೂ ಕೂಡಿ ಮಾತಾಡಿ ನನ್ನನ್ನು ಆರಿಸಿದರು. ನನಗೆ ವಯಸ್ಸಾಗಿದೆ, ಓದು ಬರಹ ಬರುತ್ತದೆ, ಕುಡಿಯುವುದಿಲ್ಲ ಎಂದು. ನಾಗೇಶ್ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಬೇಡವೆನ್ನಲಿಲ್ಲ, ಭಾಗ್ಯಾ. ಅಷ್ಟು ಜನ ನನ್ನನ್ನು ನೋಡಿ ಸಂತೋಷಪಟ್ಟದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಗಿರಿ ತನ್ನ ಚೀಲ ತಡಕಿ ಒಂದು ಸ್ಟೀಲ್ ಲೋಟ ತೆಗೆದ. "ಹೊಸ ರೂಮಿಗೆ ಬೇಕಾಗ್ತದೆ, ಇಟ್ಕೊಳಿ. ನಿಮ್ಗಾದ್ರೂ ಒಂದ್ ಬಾಗ್ಲು ಸಿಕ್ತಲ್ಲ" ಎಂದ.

ಆ ಲೋಟ ಹಿಡಿದುಕೊಂಡು ಮನೆಗೆ ಬಂದೆ. ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಹದಿನೆಂಟು ಲೋಟಗಳಿವೆ, ನೀನೇ ಜೋಡಿಸಿಟ್ಟು ಹೋದವು. ಅವುಗಳ ಮುಂದೆ ನಿಂತು ನನಗೆ ಅಸಹ್ಯವಾಯಿತು. ಎರಡು ದಿನ ಅನ್ನ ಸೇರಲಿಲ್ಲ. ಮಂಗಳವಾರ ಸಂಜೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಫರ್ಹೀನರ ಮನೆಗೆ ಹೋದೆ. ನಾಗೇಶನೂ ಅಲ್ಲಿದ್ದ. ಇಬ್ಬರಿಗೂ ಮೊದಲು ಗುರುತೇ ಸಿಗಲಿಲ್ಲ. ಕೀಲಿಕೈ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ.

"ಇಷ್ಟ್ ದಿನ ನಮ್ಮನ್ನ ಮಂಗ ಮಾಡಿದ್ರಾ ಯಜಮಾನ್ರೇ?" ಎಂದ ನಾಗೇಶ್. ಎದ್ದು ಹೊರಗೆ ಹೋದವನು ನಾನಿರುವ ತನಕ ಒಳಗೆ ಬರಲಿಲ್ಲ.

ಫರ್ಹೀನ್, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. "ಆ ರೂಮು ಗಿರಿಗೆ ಹೋಗ್ಲಿ, ಈ ಮಾತನ್ನ ನೀವೇ ಅವ್ರಿಗೆ ಹೇಳ್ಬೇಕು. ನಾವ್ ಹೇಳಲ್ಲ" ಎಂದರು.

ಮರುದಿನ ರಜೆ ಹಾಕಿ, ಅವರಿಂದ ಕೀಲಿಕೈ ಇಸಕೊಂಡು ಗಿರಿಯ ಹತ್ತಿರ ಹೋಗಿ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರ್ಥವಾಗದವನಂತೆ ನನ್ನನ್ನೇ ನೋಡಿದ. "ಮನೆ ಐತಾ? ಬಾಗ್ಲು, ಬೀಗ, ಎಲ್ಲಾ ಐತಾ? ಮತ್ತೆ ಇಲ್ಲಿ ಯಾಕ್ ಕೂತಿದ್ರಿ?" ಎಂದ. ನಾನು ಕೀಲಿಕೈ ಮುಂದೆ ಹಿಡಿದೆ. ಅವನು ಅದನ್ನು ತೆಗೆದುಕೊಂಡ. ಲೋಟ ವಾಪಸ್ ಕೊಡಲು ಹೋದರೆ ಮುಖ ತಿರುಗಿಸಿದ.

ಈಗ ಅವನು ಸಂಜಯನಗರದಲ್ಲಿದ್ದಾನೆ. ಒಮ್ಮೆ ಆ ರಸ್ತೆಯಲ್ಲಿ ಹೋದೆ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದ, ನನ್ನನ್ನು ನೋಡಿಯೂ ನೋಡದಂತೆ ಇದ್ದ. ನಾನು ಭಾನುವಾರ ಬೆಳಿಗ್ಗೆ ಫರ್ಹೀನರ ಬೀದಿಗೆ ಹೋಗಿ ಈರುಳ್ಳಿ ಹೆಚ್ಚಿ, ಪಾತ್ರೆ ತಿಕ್ಕಿ ಬರುತ್ತೇನೆ. ನಾಗೇಶ್ ನನ್ನೊಡನೆ ಮಾತಾಡುವುದಿಲ್ಲ, ಆದರೆ ಆಟೋ ಹತ್ತಬೇಡ ಎಂದೂ ಹೇಳುವುದಿಲ್ಲ. ಬಡಿಸುವಾಗ ಪ್ರತಿಯೊಬ್ಬರನ್ನೂ ಮುಖ ನೋಡಿ ಸಾಕೇ ಎಂದು ಕೇಳುತ್ತೇನೆ. ನನಗೆ ಬಂದಿರುವುದು ಅಷ್ಟೇ.

ನೀನು ಯಾಕೆ ಹೋದೆ ಎಂದು ನಾನು ಎಲ್ಲರಿಗೂ ಬೇರೆ ಬೇರೆ ಕಾರಣ ಹೇಳಿದ್ದೇನೆ. ನನಗೆ ಗೊತ್ತಿರುವ ಕಾರಣ ಒಂದೇ. ಆ ಮನೆಯಲ್ಲಿ ನೀನು ನನಗಿಂತ ಮೊದಲೇ ಒಬ್ಬಳೇ ಇದ್ದೆ.

ಥಂಡಿ ಹೆಚ್ಚಿದೆ. ಬೆಳಿಗ್ಗೆ ಬೇಗ ಏಳುವಾಗ ಕಿವಿಗೆ ಏನಾದರೂ ಕಟ್ಟಿಕೋ.

ಇಂತಿ,
ಶಿವಶರಣಪ್ಪ

ಮೇಲೆ ಬರೆಯದೆ ಬಿಟ್ಟದ್ದು: ಎಲ್ಲವನ್ನೂ ಹೇಳಿದೆ ಎಂದೆನಲ್ಲ, ಅದು ನಿಜವಲ್ಲ. ಎರಡನೆಯ ಭಾನುವಾರವೇ ಫರ್ಹೀನ್ ಹೆಂಡತಿ ಎಲ್ಲಿ ಎಂದು ಕೇಳಿದಾಗ, ತೀರಿಕೊಂಡಳು ಎಂದುಬಿಟ್ಟೆ. ಮರುವಾರ ಬೀದಿಯವರೆಲ್ಲ ನಿನ್ನ ಹೆಸರಿನಲ್ಲಿ ಪಾಯಸ ಮಾಡಿ ಗೋಡೆಯವರಿಗೆ ಬಡಿಸಿದರು. ನಾನೂ ಉಂಡೆ. ಮನೆಯ ಸುಳ್ಳನ್ನು ತಿದ್ದಿದೆ, ಇದನ್ನು ತಿದ್ದಲು ಇನ್ನೂ ನಾಲಿಗೆ ಏಳುತ್ತಿಲ್ಲ. ಮುಂದಿನ ಭಾನುವಾರ ಹೇಳುತ್ತೇನೆ. ಅಂದು ಹನ್ನೆರಡರ ಹೊತ್ತಿಗೆ ನೀನೇ ಆ ಗೋಡೆಯ ಕಡೆ ಬಂದರೆ, ನಾನು ಹೇಳುವ ಅಗತ್ಯವೇ ಬೀಳುವುದಿಲ್ಲ.