ಪಿಟೀಲು ಕೇಳಲು ಬಂದ ಅಪ್ಪ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ನಿಧಾನವಾಗಿ ಓದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಮನೆಗೆ ಬಂದು ಈಗ ಒಂದು ವರ್ಷ. ಅವರ ಮಂಡಿನೋವು ಹಾಗೇ ಇದೆ, ಗಂಟಲೂ ಹಾಗೇ ಇದೆ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಎಂಜಿನ್ನುಗಳ ಸದ್ದಿನ ಮೇಲೆ ಕೂಗಿ ಮಾತಾಡಿದವರು. ಊಟಕ್ಕೆ ಕೂತು ಉಪ್ಪು ಕೇಳಿದರೂ ಮೇಲಿನ ಮನೆಯವರು ಬಾಗಿಲು ತೆಗೆದು ನೋಡುತ್ತಾರೆ.

ಕಳೆದ ಶನಿವಾರ ಒಂದು ಸಂಗತಿ ನಡೆಯಿತು. ಅದನ್ನು ಹೇಳಲೆಂದೇ ಈಗ ಕೂತಿದ್ದೇನೆ.

ಆರ್ಕೆಸ್ಟ್ರಾದಲ್ಲಿ ನನ್ನ ಜಾಗ ಕಟ್ಟಕಡೆಯ ಸಾಲು, ನಾಲ್ಕು ತಾಮ್ರದ ನಗಾರಿಗಳ ಹಿಂದೆ. ಪಿಟೀಲು ಕನ್ಸರ್ಟೊ ಇದ್ದ ದಿನ ನನಗೆ ಕೆಲಸ ಕಡಿಮೆ. ಮುಂದೆ ಒಬ್ಬರು ನಿಂತು ಪಿಟೀಲು ನುಡಿಸುತ್ತಾರೆ, ಉಳಿದ ಎಪ್ಪತ್ತು ಜನ ಅದಕ್ಕೆ ಹೂಂಗುಟ್ಟುತ್ತೇವೆ. ನನಗೆ ಅವರ ಬೆನ್ನು ಮಾತ್ರ ಕಾಣುತ್ತದೆ. ಆದರೆ ಕೇಳಲು ಬಂದವರ ಮುಖಗಳೆಲ್ಲ ಕಾಣುತ್ತವೆ. ನಿಧಾನಗತಿಯ ಎರಡನೆಯ ಭಾಗ ಬಂತೆಂದರೆ ಕೆಮ್ಮುವವರು ಕೆಮ್ಮು ನುಂಗುತ್ತಾರೆ. ಟೈ ಕಟ್ಟಿದ ದೊಡ್ಡ ಮನುಷ್ಯರು ಕಸ ಬಿದ್ದವರಂತೆ ಕಣ್ಣು ಒರೆಸಿಕೊಳ್ಳುತ್ತಾರೆ. ಯಾಕೆಂದು ಇಪ್ಪತ್ತೆರಡು ವರ್ಷದಲ್ಲಿ ನಾನು ಯೋಚಿಸಿದ್ದೇ ಇಲ್ಲ. ಆ ಹೊತ್ತಿನಲ್ಲಿ ನನ್ನ ಸರದಿ ಯಾವಾಗ ಎಂದು ಎಣಿಸುತ್ತಾ ನಿಂತಿರುತ್ತೇನೆ. ಎಣಿಕೆ ತಪ್ಪಿದರೆ ಮರ್ಯಾದೆ ಹೋಯಿತು.

ಶನಿವಾರ ಸಂಜೆ ನುಡಿಸಿದ್ದು ಸಣ್ಣಗಿನ ಒಬ್ಬ ಹೆಂಗಸು, ಹೆಚ್ಚುಕಡಿಮೆ ಅಮ್ಮನಷ್ಟೇ ಎತ್ತರ. ಎರಡನೆಯ ಭಾಗ ಶುರುವಾಗಿತ್ತು. ಹಾಗೇ ಕಣ್ಣಾಡಿಸುತ್ತೇನೆ, ಏಳನೆಯ ಸಾಲಿನ ತುದಿಯಲ್ಲಿ ಅಪ್ಪ! ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೊರಟವರು, ನಿನ್ನ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು ಕೂತಿದ್ದಾರೆ. ನನ್ನ ಕೆಲಸವನ್ನು ಇಷ್ಟು ವರ್ಷ "ಡಬ್ಬ ಬಡಿಯೋದು" ಎಂದವರು, ಒಮ್ಮೆಯೂ ಈ ಕಡೆ ತಲೆ ಹಾಕದವರು.

ಪಿಟೀಲು ಮೆಲ್ಲಗೆ ಮೇಲೇರುತ್ತಿತ್ತು. ಕೊಳಲು ನಿಂತಿತು, ಕಹಳೆ ನಿಂತಿತು, ಕೊನೆಗೆ ಅದೊಂದೇ ಉಳಿಯಿತು. ಅಪ್ಪ ಕನ್ನಡಕ ತೆಗೆದರು. ಅವರ ಭುಜ ಅಲುಗುತ್ತಿತ್ತು ಅಕ್ಕ. ಅಮ್ಮ ಹೋದ ದಿನವೂ ಅಳದೆ ಆಸ್ಪತ್ರೆಯವರ ಮೇಲೆ ಕೂಗಾಡಿದ ಮನುಷ್ಯ. ನನ್ನ ಎಣಿಕೆ ಎಲ್ಲೋ ಹಾರಿಹೋಯಿತು. ಮೂರನೆಯ ಭಾಗದ ಮೊದಲ ಪೆಟ್ಟು ನನ್ನದು, ಅದು ತಡವಾಗಿ ಬಿತ್ತು. ನಮ್ಮ ಕಂಡಕ್ಟರ್, ಅಪ್ಪನ ಡಿಪೋದವರಲ್ಲ, ಕಡ್ಡಿ ಆಡಿಸುವವರು, ಸುಟ್ಟುಬಿಡುವಂತೆ ನೋಡಿದರು.

ಮುಗಿದ ಮೇಲೆ ಅಪ್ಪ ಮೆಟ್ಟಿಲ ಹತ್ತಿರ ಸಿಕ್ಕರು. "ಹಲ್ಲು ಹೇಗಿದೆ ಅಪ್ಪ?" ಎಂದೆ.

"ಸುಮ್ನೆ ನಡಿಯೋ" ಎಂದರು.

ಬಸ್ಸಿನಲ್ಲಿ ಕೂತ ಮೇಲೆ, ನಾನು ಎಂದೂ ಕೇಳಿರದಷ್ಟು ಮೆಲ್ಲಗಿನ ದನಿಯಲ್ಲಿ ಹೇಳಿದರು. "ಅಲ್ವೋ, ಅಷ್ಟು ಜನ, ಅಷ್ಟು ದೊಡ್ಡ ತುತ್ತೂರಿ ಇಟ್ಕೊಂಡು, ಆ ಒಂದು ಸಣ್ಣ ದನಿಗೋಸ್ಕರ ಬಾಯಿ ಮುಚ್ಚಿ ಕೂತಿದ್ರಲ್ಲ."

"ಅದನ್ನ ಬರೆದಿರೋದೇ ಹಾಗೆ ಅಪ್ಪ."

"ಅದು ಮಾತು ಮುಗಿಸೋವರೆಗೂ ಕಾಯ್ತಿದ್ರು ಕಣೋ. ನಿಮ್ಮಮ್ಮನ್ನ ನಾನು ಒಂದು ಮಾತು ಪೂರ್ತಿ ಆಡೋಕೆ ಬಿಟ್ಟಿದ್ದೀನಾ? 'ರೀ, ಅದೂ...' ಅನ್ನೋಳು. ಅಷ್ಟರಲ್ಲಿ ನಾನು ಶುರು ಹಚ್ಕೊಂಡಿರ್ತಿದ್ದೆ. ನಲವತ್ತೊಂದು ವರ್ಷ."

ಅವರ ಕೈ ಹಿಡಿದುಕೊಂಡು ಕೂತೆ. ನಾವು ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು.

ಮಾರನೆಯ ಬೆಳಿಗ್ಗೆ ಅಪ್ಪ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನನ್ನವಳಿಗೆ "ಹೇಳಮ್ಮ" ಎಂದರು.

"ಏನು ಹೇಳಲಿ ಮಾವ?"

"ಏನಾದ್ರೂ ಹೇಳು. ಕೇಳ್ತೀನಿ."

ಅವಳು ಗಾಬರಿಯಾಗಿ ಗ್ಯಾಸ್ ಸಿಲಿಂಡರಿನ ಕಥೆ ಹೇಳಿದಳು. ಪೂರ್ತಿ ಕೇಳಿದರು! ಮಧ್ಯೆ ಎರಡು ಸಲ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರಂತೆ. ನಿನಗೂ ಫೋನ್ ಮಾಡುತ್ತೇನೆ ಎನ್ನುತ್ತಿದ್ದಾರೆ. ಆ ಕಡೆಯಿಂದ ದನಿಯೇ ಇಲ್ಲವೆಂದು ಇಟ್ಟುಬಿಡಬೇಡ. ಅಪ್ಪ ಕೇಳಿಸಿಕೊಳ್ಳುತ್ತಿರುತ್ತಾರೆ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಬ್ಬರೂ ನೂರು ಕಾಲ ಸುಖವಾಗಿರಲಿ, ಚಿಕ್ಕವಳ ಪರೀಕ್ಷೆ ಚೆನ್ನಾಗಿ ಆಗಲಿ. ನೀನು ಬೆನ್ನುನೋವು ಇಟ್ಟುಕೊಂಡು ಭಾರ ಎತ್ತಬೇಡ.

ನಿನ್ನ ತಮ್ಮ

ಮತ್ತೊಂದು ಮಾತು: ಅಪ್ಪನದನ್ನೆಲ್ಲ ಬರೆದು ನನ್ನದನ್ನು ಮುಚ್ಚಿಟ್ಟು ಕಾಗದ ಮಡಿಸಿದ್ದೆ. ಮತ್ತೆ ಬಿಚ್ಚಿದೆ. ಅಮ್ಮ ಆಸ್ಪತ್ರೆ ಸೇರುವ ಹಿಂದಿನ ದಿನ ಮಧ್ಯಾಹ್ನ ನನಗೆ ಫೋನ್ ಮಾಡಿದ್ದಳು. "ಒಂದು ವಿಷಯ ಹೇಳಬೇಕಿತ್ತು ಕಣೋ" ಎಂದಳು. "ರಿಹರ್ಸಲ್ ಇದೆ ಅಮ್ಮ, ಬೇಗ ಹೇಳು" ಎಂದೆ. "ಏನಿಲ್ಲ ಬಿಡಪ್ಪ, ನೀನು ಹೋಗು" ಎಂದು ಇಟ್ಟುಬಿಟ್ಟಳು. ಅವತ್ತು ರಿಹರ್ಸಲ್ ಇರಲಿಲ್ಲ ಅಕ್ಕ. ಸೋಫಾದ ಮೇಲೆ ಬಿದ್ದುಕೊಂಡು ಮ್ಯಾಚ್ ನೋಡುತ್ತಿದ್ದೆ. ಆಮೇಲೆ ಅವಳು ನಿನಗೇನಾದರೂ ಫೋನ್ ಮಾಡಿದ್ದಳಾ? ಮಾಡಿದ್ದರೆ ಏನು ಹೇಳಿದಳೆಂದು ಬರಿ. ತೀರಾ ಸಣ್ಣ ವಿಷಯವಾದರೂ ಸರಿ, ಬರಿ.