ಮುಖ್ಯವಲ್ಲದ ಕೋಣೆ

ಮಾರ್ಚ್ ೧೧, ಮಂಗಳವಾರ

ಇವತ್ತೂ ಏಳು ಗಂಟೆಗೇ ನನ್ನ ಹೊಲಿಗೆ ಕೋಣೆಯ ದೀಪ ಹೋಯಿತು. ಮೇಣದಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದೇನೆ. ಹಾಲ್‌ನಲ್ಲಿ ಇವರ ಟೀವಿ ಗಂಟಲು ಹರಿದುಕೊಳ್ಳುತ್ತಿದೆ.

ಕರೆಂಟ್ ಕನೆಕ್ಷನ್ ತೆಗೆಸಿ ಇಡೀ ಮನೆಗೆ ಸೋಲಾರ್ ಹಾಕಿಸಿದ ದಿನ ಎಲೆಕ್ಟ್ರಿಷಿಯನ್ ಕೇಳಿದ್ದ, "ಬ್ಯಾಟರಿ ಅರ್ಧಕ್ಕಿಳಿದ್ರೆ ಮೊದಲು ಯಾವ ಲೈನ್ ಆಫ್ ಆಗ್ಬೇಕು ಸಾರ್?" ಇವರು ತಲೆಯನ್ನೂ ಎತ್ತದೆ "ಅವಳ ಕೋಣೆ" ಎಂದರು. ಸ್ವಿಚ್ಚಿನ ಮೇಲೆ ತಮ್ಮ ಕೈಯಾರೆ ಚೀಟಿ ಅಂಟಿಸಿದರು: ಮುಖ್ಯವಲ್ಲದ್ದು. ಇಪ್ಪತ್ತೆರಡು ವರ್ಷದ ಸಂಸಾರಕ್ಕೆ ಒಂದೇ ಪದ ಸಾಕಾಯಿತು.

ಹೋಗುವಾಗ ಆ ಹುಡುಗ ನನ್ನ ಕೈಗೊಂದು ಕ್ಯಾನ್ ಕೊಟ್ಟ. "ಅಕ್ಕಾ, ಬ್ಯಾಟರಿಗೆ ಈ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ನಲ್ಲಿ ನೀರು ಬಿದ್ರೆ ಅದರ ಕತೆ ಮುಗೀತು." ಇವರಿಗೆ ಹೇಳಲು ಹೋದೆ. "ಇದೆಲ್ಲ ನಿನಗೇನು ಗೊತ್ತಾಗತ್ತೆ? ಸುಮ್ನಿರು." ಸುಮ್ಮನಾದೆ.

ಇವತ್ತು ಬೆಳಿಗ್ಗೆ ಬಕೆಟ್ಟಿನಲ್ಲಿ ನಲ್ಲಿ ನೀರು ಹಿಡಿದು ತಂದು ಬ್ಯಾಟರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಏಯ್, ಬಾ ಇಲ್ಲಿ. ಆಲಿಕೆ ಹಿಡ್ಕೋ."

ಹಿಡಿದುಕೊಂಡೆ. ನಾಲ್ಕು ಬ್ಯಾಟರಿ, ಒಂದೊಂದಕ್ಕೂ ಆರು ಮುಚ್ಚಳ. ಒಂದು ಹನಿಯನ್ನೂ ಆಚೆ ಚೆಲ್ಲಲು ಬಿಡಲಿಲ್ಲ.

"ನೋಡಿದ್ಯಾ, ಎಷ್ಟು ಸುಲಭ!" ಎಂದು ಎದೆಯುಬ್ಬಿಸಿದರು.

"ಹೂಂ ರೀ" ಎಂದೆ.

ಇನ್ನೆಷ್ಟು ದಿನ ಬಾಳುತ್ತವೋ. ಟೀವಿ ಹೋಗಲಿ, ಫ್ಯಾನ್ ಹೋಗಲಿ, ಇವರು ಕತ್ತಲಲ್ಲಿ ಗೋಡೆ ತಡಕಾಡಲಿ. ನನಗೆ ಅಭ್ಯಾಸವಾಗಿದೆ.

ಕ್ಯಾನ್ ಹೊಲಿಗೆ ಮಷೀನಿನ ಕೆಳಗೇ ಇದೆ, ಸೀಲ್ ಕೂಡ ಒಡೆದಿಲ್ಲ. ಬರೆಯುವಾಗ ಕಾಲಿಟ್ಟುಕೊಳ್ಳಲು ಸರಿಯಾದ ಎತ್ತರ.